ಹಗ್ಗದ ಬೀದಿಯಲ್ಲಿ ಬೇವು ಹಂಚಿದ ವಾರ

ನಮ್ಮೂರಲ್ಲಿ ಯಾರಾದರೂ ಬಾಗಿಲಿಗೆ ಬಂದು ಕೈಗೆ ಒಂದು ಎಸಳು ಬೇವು ಕೊಟ್ಟರೆ ಬೇಡ ಅನ್ನಬಾರದು. ಮದುವೆಗೆ ಕರೆಯಲು ಬಂದವರಿಗಾದರೂ ಬಸ್ಸಿಲ್ಲ, ಮೈಗೆ ಹುಷಾರಿಲ್ಲ ಎಂದು ನೆಪ ಹೇಳಬಹುದು. ಬೇವು ತಂದವರಿಗೆ ಹೇಳುವಂತಿಲ್ಲ. ಇವತ್ತು ಅವರ ಸರದಿ, ನಾಳೆ ನಮ್ಮದು. ಅವರು ಹೊಸಿಲಾಚೆಯೇ ನಿಂತು, "ಗುರುವಾರ ನಮ್ಮ ಕೇಸು ಬರ್ತದೆ, ಮನೆಮಂದಿಯೆಲ್ಲ ನಗದೆ ನಡೆಸಿಕೊಡಬೇಕು" ಅನ್ನುತ್ತಾರೆ. ನಾವು ಎಸಳನ್ನು ಎರಡೂ ಕೈಯಲ್ಲಿ ತೆಗೆದುಕೊಂಡು "ಆಗ್ಲಿ" ಅನ್ನುತ್ತೇವೆ. ಗುರುವಾರ ಸಂಜೆ ಏಳಕ್ಕೆ ಟೀವಿ ಹಾಕಿ, ಆ ಬೇವನ್ನು ಬಾಯಿಗಿಟ್ಟುಕೊಂಡು ಅಗಿಯುತ್ತಾ ಕೂರುತ್ತೇವೆ. ಅಷ್ಟಾದ ಮೇಲೂ ನಕ್ಕುಬಿಡುತ್ತೇವೆ, ಆ ಮಾತು ಬೇರೆ.

ಊರಲ್ಲಿ ಠಾಣೆ ಇದೆ. ಇನ್ಸ್‌ಪೆಕ್ಟರೂ ಇದ್ದಾರೆ, ಜೀಪೂ ಇದೆ. ಆದರೆ ಯಾರು ಯಾವ ದೂರು ಕೊಟ್ಟರೂ ಅದು ಮೊದಲು ಹೋಗುವುದು ಟೀವಿಗೆ. 'ಠಾಣೆ ಬಾಗಿಲು ತೆರೆದಿದೆ' ಅನ್ನುವ ಧಾರಾವಾಹಿಯಲ್ಲಿ ಇನ್ಸ್‌ಪೆಕ್ಟರ್ ವಜ್ರಪ್ಪನೂ ದಫೇದಾರ್ ಡುಮ್ಮಯ್ಯನೂ ಆ ಕೇಸನ್ನು ಆಡಿ ತೋರಿಸುತ್ತಾರೆ. ಊರಿನ ಅರ್ಧಕ್ಕಿಂತ ಹೆಚ್ಚು ಮನೆ ನಕ್ಕರೆ ದೂರು ಮುಗಿದ ಹಾಗೆ, ಮಾರನೆಯ ದಿನವೇ ಅದರ ಮೇಲೆ ಮೊಹರು ಬೀಳುತ್ತದೆ. ನಗದಿದ್ದರೆ ತನಿಖೆ. ನನಗೆ ಬುದ್ಧಿ ಬಂದಾಗಿನಿಂದ ಹೀಗೇ ಇದೆ. ಹೊರಗಿನಿಂದ ಬಂದ ಸೊಸೆಯರು ಮೊದಲ ವರ್ಷ "ಅಯ್ಯೋ ಇದೆಂಥ ಊರಪ್ಪ" ಎಂದು ಬಾಯಿ ಬಾಯಿ ಬಡಿದುಕೊಳ್ಳುತ್ತಾರೆ. ಎರಡನೆಯ ವರ್ಷ ಡುಮ್ಮಯ್ಯನ ಹೊಟ್ಟೆ ಕಂಡರೇ ಕಿಸಕ್ಕನೆ ನಗುತ್ತಾರೆ.

ನನ್ನ ಹೆಸರು ಜಲಜಾಕ್ಷಿ. ಹಗ್ಗದ ಬೀದಿಗೆ ನಗೆ ಬರೆಯುವವಳು ನಾನೇ, ಹತ್ತೊಂಬತ್ತು ವರ್ಷದಿಂದ. ಬೀದಿಗೊಬ್ಬರು ನನ್ನಂಥವರಿದ್ದೇವೆ. ಗುರುವಾರ ಸಂಜೆ ಎಲ್ಲರೂ ಕಿಟಕಿ ಬಾಗಿಲು ತೆರೆದಿಡಬೇಕು. ನಾವು ಬೀದಿಯ ನಡುವೆ ಯಾವುದಾದರೂ ಮನೆಯಲ್ಲಿ ಕೂತು, ಯಾವ ಮನೆ ನಕ್ಕಿತು, ಯಾವ ಮನೆ ನಗಲಿಲ್ಲ ಎಂದು ಕಿವಿಯಲ್ಲೇ ಕೇಳಿ ಪುಸ್ತಕದಲ್ಲಿ ಗುರುತು ಹಾಕಬೇಕು. ನಮ್ಮ ಬೀದಿಯ ಮೂವತ್ತೆಂಟು ಮನೆಯ ನಗೆಯೂ ನನಗೆ ಬಾಯಿಪಾಠ. ಪದ್ಮಾವತಿ ನಕ್ಕರೆ ಬಿಂದಿಗೆಗೆ ಕಲ್ಲು ಹಾಕಿ ಕುಲುಕಿದ ಹಾಗಿರುತ್ತದೆ. ಮೂಲೆಮನೆ ಶೇಷಗಿರಿ ಮೇಷ್ಟ್ರು ಮೊದಲು ಕೆಮ್ಮುತ್ತಾರೆ, ನಗು ಆಮೇಲೆ ಬರುತ್ತದೆ. ಇಷ್ಟು ವರ್ಷದಲ್ಲಿ ನಾನು ಒಂದೇ ಒಂದು ಸುಳ್ಳು ಗುರುತು ಹಾಕಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಹಾಕಬಹುದಿತ್ತು, ಧೈರ್ಯ ಬರಲಿಲ್ಲ, ಅಷ್ಟೇ.

ಆ ಧಾರಾವಾಹಿಯನ್ನು ಬಯ್ಯದವರಿಲ್ಲ, ನೋಡದವರೂ ಇಲ್ಲ. ಶುಕ್ರವಾರ ಬೆಳಿಗ್ಗೆ ನಲ್ಲಿಯ ಹತ್ತಿರ, ಹೋಟೆಲಿನಲ್ಲಿ, ಹಿಟ್ಟಿನ ಗಿರಣಿಯಲ್ಲಿ ಅದೇ ಮಾತು. "ಹೆಣದ ಜೇಬಿಂದ ಬೀಡಿ ತೆಗ್ದು, ಹೆಣಾನೇ ಬೆಂಕಿಪೊಟ್ಣ ಕೇಳಿದ್ನಲ್ಲೇ ಆ ಡುಮ್ಮಯ್ಯ, ಥೂ, ಅವನ ಮನೆ ಹಾಳಾಗ" ಎಂದು ಪದ್ಮಾವತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ. ನಕ್ಕು ನಕ್ಕು ಬಂದ ನೀರು ಅದು. ಶೇಷಗಿರಿ ಮೇಷ್ಟ್ರು ಮಾತ್ರ, "ಮೊದಮೊದಲು ವಜ್ರಪ್ಪನ ಪಾತ್ರಕ್ಕೊಂದು ಗಾಂಭೀರ್ಯ ಇತ್ತು. ಈಗೀಗ ಒದೆಯೋದು ಜಾಸ್ತಿಯಾಗಿ ಮಾತು ಕಮ್ಮಿಯಾಗಿದೆ" ಎಂದು ಪರೀಕ್ಷೆ ಪೇಪರಿಗೆ ಅಂಕ ಹಾಕಿದಂತೆ ಹೇಳುತ್ತಾರೆ. ಹೋದ ವರ್ಷ ದರ್ಜಿ ಹುಚ್ಚೀರಯ್ಯನ ಅಂಗಡಿಗೆ ಯಾರೋ ಬೆಂಕಿ ಹಚ್ಚಿದ್ದರು. ಅವನು ಬೇವು ಹಂಚಿದ, ನಾವೆಲ್ಲ ಅಗಿದೆವು. ಟೀವಿಯಲ್ಲಿ ಡುಮ್ಮಯ್ಯ ಉರಿಯುವ ಅಂಗಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಜೋಳದ ತೆನೆ ಸುಟ್ಟುಕೊಂಡ. ವಜ್ರಪ್ಪ ಬಂದು ಗದರಿಸುತ್ತಾನೆ ಅಂದುಕೊಂಡರೆ, "ನಂಗೊಂದು ಉಪ್ಪುಖಾರ ಹಚ್ಚಿ ಕೊಡಯ್ಯ" ಅಂದ. ಮುನ್ನೂರು ಮನೆ ನಕ್ಕಿತು. ಹುಚ್ಚೀರಯ್ಯ ಈಗ ಹುಣಸೆಮರದ ಕೆಳಗೆ ಮಿಷನ್ ಇಟ್ಟುಕೊಂಡು ಹೊಲಿಯುತ್ತಾನೆ, ಬಂದ ಗಿರಾಕಿಗೆ ತಾನೇ ಆ ತೆನೆಯ ಮಾತು ಹೇಳಿ ನಗಿಸುತ್ತಾನೆ. ಮತ್ತೇನು ಮಾಡುತ್ತಾನೆ, ಪಾಪ.

ಕೆಂಚಮ್ಮನ ಮನೆ ನಮ್ಮ ಮನೆಗೆ ಎದುರು. ಪುರಿ ಭಟ್ಟಿಯಲ್ಲಿ ಮರಳು ಕಾಯಿಸಿ ಪುರಿ ಹುರಿಯುವ ಕೆಲಸ ಅವಳದು. ಬೆಂಕಿಯ ಮುಂದೆ ಕೂತು ಕೂತು ಹುಬ್ಬಿನ ಕೂದಲೆಲ್ಲ ಸೀದು ಹೋಗಿವೆ. ಗಂಡ ತೀರಿಕೊಂಡು ಬಹಳ ಕಾಲವಾಯಿತು. ಮಗಳು ಇಂದ್ರಾಣಿ ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಮಗ ಚೆಲುವರಾಜ ಹಾಲಿನ ವ್ಯಾನು ಓಡಿಸುತ್ತಿದ್ದ. ಬಾಯಿ ಸುಮ್ಮನಿರದ ಹುಡುಗ ಅದು. ಹಾಲು ಹಾಕಲು ಬಂದರೆ, "ಜಲಜಾಕ್ಷಮ್ಮನೋರೇ, ಊರೋರ ನಗೆಯೆಲ್ಲ ನೀವು ಬರೀತೀರಿ, ನಿಮ್ಮದನ್ನ ಯಾರು ಬರೀತಾರೆ?" ಎಂದು ಕೆಣಕುತ್ತಿದ್ದ. "ಮುಚ್ಚೋ ಬಾಯಿ, ಹಾಲಿಗೆ ನೀರು ಹಾಕೋದನ್ನ ಮೊದ್ಲು ನಿಲ್ಸು" ಎಂದು ನಾನೂ ಅನ್ನುತ್ತಿದ್ದೆ.

ಕಾರ್ತಿಕದ ಒಂದು ಸೋಮವಾರ ಬೆಳಿಗ್ಗೆ ಅವನು ತಿಮ್ಮರಾಯಿಯ ಕ್ಷೌರದಂಗಡಿಯಲ್ಲಿ ಗಡ್ಡಕ್ಕೆ ಕೂತಿದ್ದ. ಬಲಗೆನ್ನೆ ಮುಗಿದಿತ್ತು, ಎಡಗೆನ್ನೆಗೆ ಸೋಪು ಹಚ್ಚಿಯಾಗಿತ್ತು. ಅಷ್ಟರಲ್ಲಿ ಠಾಣೆಯ ಜೀಪು ಬಂತು. ಅಕ್ಕಿ ಗಿರಣಿಯ ಸಾಹುಕಾರರ ಮನೆಯಲ್ಲಿ ಏನೋ ಕಳುವಾಗಿತ್ತಂತೆ. ಹಾಲಿನವನಿಗೆ ಎಲ್ಲರ ಹಿತ್ತಿಲ ಬಾಗಿಲೂ ಗೊತ್ತಿರುತ್ತದಂತೆ. "ಈ ಕಡೆ ಕೆನ್ನೆ ಒಂದು ಮುಗಿಸ್ಕೊಂಡು ಬಂದ್ಬಿಡ್ತೀನಿ ಸಾರ್" ಅಂದನಂತೆ. ಕೊರಳಿಗೆ ಕಟ್ಟಿದ್ದ ಬಿಳಿ ಬಟ್ಟೆಯ ಸಮೇತ ಎಳೆದುಕೊಂಡು ಹೋದರು. ನಾಲ್ಕನೆಯ ದಿನ ಕೆರೆಯಲ್ಲಿ ತೇಲಿದ. ಬಲಗೆನ್ನೆ ನುಣ್ಣಗಿತ್ತು, ಎಡಗೆನ್ನೆಯಲ್ಲಿ ವಾರದ ಗಡ್ಡ ಹಾಗೇ ಇತ್ತು. ಅವನನ್ನು ನಾವು ನೋಡೇ ಇಲ್ಲ, ಈಜಲು ಹೋಗಿ ಮುಳುಗಿದ್ದಾನೆ ಎಂದಿತು ಠಾಣೆ.

ತಿಮ್ಮರಾಯಿ ಹತ್ತು ದಿನ ಅಂಗಡಿ ಬಾಗಿಲು ತೆಗೆಯಲಿಲ್ಲ. ಹನ್ನೊಂದನೆಯ ದಿನ ಕೆಂಚಮ್ಮನ ಮನೆಗೆ ಬಂದು, ನಡುಮನೆಯ ಗೋಡೆಗೆ ತಲೆ ಆನಿಸಿ ನಿಂತು, ನಡೆದದ್ದನ್ನೆಲ್ಲ ಹೇಳಿದ. ಇಂದ್ರಾಣಿ ಒಂದೇ ಪ್ರಶ್ನೆ ಹಿಡಿದಳು: "ಅರ್ಧ ಗಡ್ಡ ಬೋಳಿಸ್ಕೊಂಡು ಯಾವನಾದ್ರೂ ಈಜೋಕೆ ಹೋಗ್ತಾನಾ?" ಕೇಸು ಎಂದರೆ ಅದಿಷ್ಟೇ. ಬೇರೆ ಸಾಕ್ಷಿ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಆದರೆ ಆ ಪ್ರಶ್ನೆ ಕೇಳಿದ ಕೂಡಲೇ ನನಗೆ ಟೀವಿ ನೆನಪಾಯಿತು. ಅರ್ಧ ಗಡ್ಡದ ಹೆಣ ಸಿಕ್ಕಿದರೆ ಡುಮ್ಮಯ್ಯ ಬಿಡುತ್ತಾನೆಯೇ? ಸಾಕ್ಷಿಯೂ ಅದೇ, ಹಾಸ್ಯವೂ ಅದೇ ಆಗಿ ಕೂತಿತ್ತಲ್ಲ, ಏನು ಮಾಡುವುದು?

ದೂರು ಬರೆದುಕೊಟ್ಟವಳು ನಾನು. ಕೆಂಚಮ್ಮನಿಗೆ ಓದು ಬರಹ ಬರುವುದಿಲ್ಲ. ಇಂದ್ರಾಣಿಯೇ ಬರೆಯಬಹುದಿತ್ತು, ಅವಳಿಗೆ ಅಂಗಡಿಯಿಂದ ಬಿಡುವಿರಲಿಲ್ಲ. "ನಿಮ್ಗಾದ್ರೆ ಇದರ ಹದ ಗೊತ್ತು ದೊಡ್ಡಮ್ಮ, ನಗು ಬರೋ ಹಂಗೆ ಒಂದಕ್ಷರ ಇರಬಾರ್ದು" ಎಂದು ನನಗೇ ಒಪ್ಪಿಸಿದಳು. ಹದ ನನಗೆ ಗೊತ್ತಿತ್ತು, ನಿಜ. ದೂರಿನಲ್ಲಿ ಏನಿರುತ್ತದೋ ಅದನ್ನೇ ಅವರು ಆಡುತ್ತಾರೆ. ಸತ್ತವರ ಅಡ್ಡಹೆಸರು ಬರೆಯಬಾರದು, ಚಾಳಿ ಬರೆಯಬಾರದು, ಏನು ತಿನ್ನುತ್ತಿದ್ದರು, ಹೇಗೆ ನಡೆಯುತ್ತಿದ್ದರು ಅಂತೆಲ್ಲ ಬರೆಯಲೇಬಾರದು. ಹೆಸರು, ವಯಸ್ಸು, ತಾರೀಕು, ಜಾಗ. ಒಣಕಟ್ಟಿಗೆಯ ಹಾಗಿರಬೇಕು. ನಾನು ಹಾಗೇ ಬರೆದು ಓದಿ ಹೇಳಿದೆ.

ಕೆಂಚಮ್ಮ ಕೇಳಿಸಿಕೊಂಡಳು. "ಅಷ್ಟೇನಾ?" ಅಂದಳು.

"ಅಷ್ಟೇ ಕಣೆ. ಇಷ್ಟಿದ್ರೆ ಸಾಕು."

"ಗಂಡಸು, ಇಪ್ಪತ್ತಾರು ವರ್ಸ, ಸಾದಗಪ್ಪು ಮೈಬಣ್ಣ. ಅಷ್ಟೇನಾ ಜಲಜಕ್ಕ ನನ್ ಮಗ? ಇದನ್ನ ಓದಿದ್ರೆ ಸತ್ತೋನು ಯಾರು ಅಂತ ಅವ್ರಿಗೆ ಹೆಂಗೆ ತಿಳೀತದೆ? ಊರಲ್ಲಿ ಇಂಥೋರು ನೂರು ಜನ ಅವ್ರೆ."

"ತಿಳೀಬಾರ್ದು ಅಂತಲೇ ಹಿಂಗೆ ಬರೆಯೋದು, ಕೆಂಚಮ್ಮ. ಗುರುತು ಸಿಕ್ರೆ ಆಡ್ಕೋತಾರೆ."

"ಒಂದೇ ಒಂದು ಮಾತು ಬರ್ಕೊ. ನಿನ್ ದಮ್ಮಯ್ಯ ಅಂತೀನಿ." ಅವಳು ನನ್ನ ಮೊಣಕಾಲು ಹಿಡಿದುಕೊಂಡಳು. "ಮಧ್ಯಾಹ್ನ ಊಟಕ್ಕೆ ಬಂದ್ರೆ ಸೀದಾ ಒಳಕ್ಕೆ ಬರ್ತಿರ್ಲಿಲ್ಲ ಅವ್ನು. ಕಳ್ಳನಂಗೆ ಹಿಂದ್ಲಿಂದ ಬಂದು, ಸೊಂಟದ ಮ್ಯಾಲೆ ಕೈ ಮಡಿಕ್ಕೊಂಡು, 'ಕೆಂಚಮ್ಮನೋರೇ, ಸರ್ಕಾರದಿಂದ ಬಂದಿವ್ನಿ, ನಿಮ್ ಸಾರು ತಪಾಸಣೆ ಮಾಡ್ಬೇಕು' ಅನ್ನೋನು. ದಿನಾ ಅನ್ನೋನು. ನಾನು ದಿನಾ ಬೈಯೋಳು. ಇದೊಂದು ಇರ್ಲಿ. ಇಂಥ ಮಗ ಇದ್ದ ಅಂತ ಒಬ್ರಿಗಾದ್ರೂ ಗೊತ್ತಾಗ್ಲಿ."

ಬೇಡ ಅನ್ನಬೇಕಿತ್ತು. ಹತ್ತೊಂಬತ್ತು ವರ್ಷದ ಅನುಭವ ನನ್ನದು, ಒಂದು ಮಾತು ಗಟ್ಟಿಯಾಗಿ ಬೇಡ ಅಂದಿದ್ದರೆ ಅವಳು ಕೇಳುತ್ತಿದ್ದಳು. ಆದರೆ ಆ ಹುಡುಗನ ದನಿ ನನ್ನ ಕಿವಿಗೂ ಬಂತು. ಬರೆದೆ. ಬರೆದು, ಮಡಿಸಿ, ಇಂದ್ರಾಣಿಗೆ ತೋರಿಸದೆ ಠಾಣೆಯ ಪೆಟ್ಟಿಗೆಗೆ ಹಾಕಿದೆ. ತೋರಿಸಿದರೆ ಅವಳು ಆ ಸಾಲು ಹೊಡೆದು ಹಾಕುತ್ತಾಳೆ ಎಂದು ಗೊತ್ತಿತ್ತು.

ಕೇಸು ಗುರುವಾರಕ್ಕೆ ಬಿತ್ತು. ಇಂದ್ರಾಣಿ ಅಂಗಡಿಗೆ ರಜೆ ಹಾಕಿ ಬೇವು ಹಂಚಲು ಹೊರಟಳು. ಸಾಮಾನ್ಯವಾಗಿ ಜನ ತಮ್ಮ ಬೀದಿ, ಆಚೀಚಿನ ಬೀದಿ, ನೆಂಟರ ಮನೆ ಅಂತ ಹಂಚುತ್ತಾರೆ. ಇವಳು ನಾನೂರ ಹನ್ನೆರಡು ಮನೆಯನ್ನೂ ಹತ್ತಿ ಇಳಿದಳು. ಮೂರು ದಿನ ಹಿಡಿಯಿತು. ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿ ಬರಿಗಾಲಲ್ಲೇ ನಡೆದಳು. "ನಗೋದು ನಮ್ ಕೈಲಿ ಇದೆಯೇನಮ್ಮ?" ಎಂದವರಿಗೆ, "ಇಲ್ಲ ಅಂತ ಗೊತ್ತು. ಆದ್ರೂ ನೀವು ನಗ್ತಾ ಇರೋ ಹೊತ್ತಲ್ಲಿ ನಮ್ಮಣ್ಣನ್ನ ಒಂದ್ಸಲ ನೆನೆಸ್ಕೊಳಿ, ಬೆಳಿಗ್ಗೆ ಐದಕ್ಕೆ ನಿಮ್ಮನೆ ಬಾಗ್ಲಲ್ಲಿ ನಿಂತಿರ್ತಿದ್ನಲ್ಲ" ಅನ್ನುತ್ತಿದ್ದಳು. ಅವರು ತಲೆ ತಗ್ಗಿಸಿ ಎಸಳು ತೆಗೆದುಕೊಳ್ಳುತ್ತಿದ್ದರು. ಎಷ್ಟೋ ಮನೆಗಳಲ್ಲಿ ಎರಡೆರಡು ಎಸಳು ಕೇಳಿ ತೆಗೆದುಕೊಂಡರಂತೆ.

ಇನ್ನೊಂದು ಕಡೆಯವರು ಬೆಲ್ಲ ಹಂಚುವುದೂ ನಮ್ಮೂರ ರೂಢಿ. ಯಾರ ಮೇಲೆ ದೂರು ಇದೆಯೋ ಅವರು "ಬಾಯ್ತುಂಬ ನಕ್ಕುಬಿಡಿ" ಎಂದು ಒಂದೊಂದು ಅಚ್ಚು ಬೆಲ್ಲ ಕೊಡುತ್ತಾರೆ. ಈ ಸಲ ದೂರು ಇದ್ದದ್ದು ಠಾಣೆಯ ಮೇಲೆಯೇ. ಬುಧವಾರ ಜೀಪೇ ಬೆಲ್ಲ ಹೊತ್ತು ಬೀದಿ ಬೀದಿ ತಿರುಗಿತು. ಪೇದೆಗಳು ಕೊಟ್ಟರು, ಜನ ಕೈ ನೀಡಲಿಲ್ಲ. ಹೊಸಿಲ ಮೇಲೆ ಇಟ್ಟು ಹೋದರು. ಯಾರೂ ಒಳಗೆ ಒಯ್ಯಲಿಲ್ಲ. ಗುರುವಾರ ಬೆಳಿಗ್ಗೆ ಹೊತ್ತಿಗೆ ಎಲ್ಲರ ಹೊಸಿಲ ಮೇಲೂ ಇರುವೆ ಸಾಲು ಕಟ್ಟಿದ್ದವು. ಅದನ್ನು ನೋಡಿ ನನಗೆ ಮೊದಲ ಸಲ ಒಂದು ಆಸೆ ಹುಟ್ಟಿತು. ಶೇಷಗಿರಿ ಮೇಷ್ಟ್ರು ನನ್ನನ್ನು ತಡೆದು, "ಜಲಜಾಕ್ಷಿ, ಇವತ್ತು ನನ್ನ ಕೆಮ್ಮು ಕೇಳಿಸಿದರೆ ಅದು ಬರೀ ಕೆಮ್ಮು, ಬೇರೆ ಏನೂ ಅಂದುಕೋಬೇಡ. ಬಾಯಿಗೆ ಟವೆಲ್ ಕಟ್ಟಿಕೊಂಡು ಕೂರ್ತೀನಿ" ಅಂದರು. ಅರವತ್ತೆಂಟು ವರ್ಷದ ಮನುಷ್ಯ, ಕಣ್ಣಲ್ಲಿ ನೀರಿತ್ತು.

ಸಂಜೆ ನಾನು ಕೆಂಚಮ್ಮನ ಮನೆಯಲ್ಲೇ ಕೂತೆ. ಬೀದಿಗೆ ನಡುವಿನ ಮನೆ ಅದು, ಮೇಲಾಗಿ ಆ ತಾಯಿ ಮಗಳನ್ನು ಇಬ್ಬರನ್ನೇ ಬಿಡಲು ಮನಸ್ಸಾಗಲಿಲ್ಲ. ಅವಳು ಮಿಂದು, ಒಗೆದ ಸೀರೆ ಉಟ್ಟು, ಚಾಪೆಯ ಮೇಲೆ ಕೂತಿದ್ದಳು. ಇಂದ್ರಾಣಿ ಬಾಗಿಲಿಗೆ ಒರಗಿ ಬೀದಿಯ ಕಡೆ ಒಂದು ಕಿವಿ, ಟೀವಿಯ ಕಡೆ ಒಂದು ಕಣ್ಣು ಇಟ್ಟಿದ್ದಳು. ಮೂವರೂ ಬಾಯಿಗೆ ಬೇವು ಹಾಕಿಕೊಂಡೆವು. ಏಳು ಹೊಡೆಯಿತು. ಮೂವತ್ತೆಂಟು ಮನೆಯಲ್ಲೂ ಒಟ್ಟಿಗೆ ಧಾರಾವಾಹಿಯ ಸಂಗೀತ ಶುರುವಾಯಿತು.

ಮೊದಲ ದೃಶ್ಯವೇ ಕೆರೆ ಏರಿ. ಬಟ್ಟೆ ಹೊದಿಸಿದ ಹೆಣ. ವಜ್ರಪ್ಪ ಬಟ್ಟೆ ಸರಿಸಿ ನೋಡಿದ, ಈ ಕಡೆಯಿಂದ ನೋಡಿದ, ಆ ಕಡೆಗೆ ಸುತ್ತಿ ಹೋಗಿ ನೋಡಿದ. "ಡುಮ್ಮಯ್ಯಾ, ಇಲ್ಲಿ ಎರಡು ಹೆಣ ಇದೆಯಲ್ಲಯ್ಯಾ!" ಅಂದ. "ಒಂದೇ ಸಾರ್, ಕ್ಷೌರದೋನು ಅರ್ಧಕ್ಕೆ ಬಿಟ್ಟವ್ನೆ." "ಹಂಗಾದ್ರೆ ಪಂಚನಾಮೆಯಲ್ಲಿ ಏನಂತ ಬರೀತೀಯ?" "ಬಲಗಡೆ ಆತ್ಮಹತ್ಯೆ, ಎಡಗಡೆ ಅಪಘಾತ ಅಂತ ಬರೀಲಾ ಸಾರ್?"

ಯಾರೂ ನಗಲಿಲ್ಲ.

ಡುಮ್ಮಯ್ಯ ಬ್ಲೇಡು ತಂದು, "ಉಳಿದಿದ್ದು ಸರ್ಕಾರದ ಸೇವೆ" ಎಂದು ಹೆಣದ ಎಡಗೆನ್ನೆಗೆ ನೊರೆ ಹಚ್ಚಿದ. ಹೆರೆಯಲು ಹೋಗಿ ತನ್ನ ಬೆರಳು ಕುಯ್ದುಕೊಂಡು, "ಅಯ್ಯಯ್ಯೋ ಸತ್ತೆ" ಎಂದು ಕಿರುಚಿ ಹೆಣದ ಪಕ್ಕದಲ್ಲೇ ಮಲಗಿದ. ವಜ್ರಪ್ಪ ಅದೇ ಬಟ್ಟೆಯನ್ನು ಇಬ್ಬರ ಮೇಲೂ ಎಳೆದು, ಟೋಪಿ ತೆಗೆದು ನಿಂತ. ನಿಜ ಹೇಳುತ್ತೇನೆ, ನನ್ನ ಹೊಟ್ಟೆಯೊಳಗೆ ಒಂದು ನಗು ಎದ್ದು ಗಂಟಲವರೆಗೆ ಬಂತು. ತುಟಿ ಕಚ್ಚಿ ರಕ್ತ ಬಂದ ಮೇಲೆ ಇಳಿಯಿತು. ನನ್ನ ಜನ್ಮಕ್ಕಿಷ್ಟು ಅನ್ನಿಸಿತು. ಬೀದಿಯಲ್ಲಿ ಸದ್ದಿಲ್ಲ. ಪದ್ಮಾವತಿಯ ಮನೆ ಸುಮ್ಮನಿತ್ತು. ಮೂಲೆಮನೆಯಿಂದ ಕೆಮ್ಮು ಬಂತು, ಆಮೇಲೆ ಏನೂ ಬರಲಿಲ್ಲ. ನಾನು ಮೂವತ್ತೆಂಟು ಮನೆಯ ಮುಂದೂ ಸೊನ್ನೆ ಹಾಕಿದೆ. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ಹಾಗೆ ಹಾಕಿರಲಿಲ್ಲ.

ಏಳೂ ಇಪ್ಪತ್ತೈದಾಯಿತು. ಪಕ್ಕದ ಬೀದಿಯಲ್ಲೂ ಸದ್ದಿಲ್ಲ, ಅದರಾಚೆಗೂ ಇಲ್ಲ. ಇಂದ್ರಾಣಿ ಬಾಗಿಲಿನ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. "ಇನ್ನು ಐದೇ ನಿಮಿಷ ದೊಡ್ಡಮ್ಮ" ಎಂದು ಪಿಸುಗುಟ್ಟಿದಳು. ತನಿಖೆ ಆಗುತ್ತದೆ, ದೊಡ್ಡ ಊರಿನಿಂದ ಯಾರೋ ಬರುತ್ತಾರೆ, ತಿಮ್ಮರಾಯಿಯನ್ನು ಕೂರಿಸಿ ಕೇಳುತ್ತಾರೆ, ಜೀಪಿನಲ್ಲಿ ಯಾರು ಯಾರಿದ್ದರು ಎಂದು ಅವನು ಹೆಸರು ಹೇಳುತ್ತಾನೆ. ಇಷ್ಟೂ ನನಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ದೇವರೇ, ಇನ್ನು ಐದು ನಿಮಿಷ ಎಂದು ನಾನೂ ಕೈಮುಗಿದೆ.

ಆಗ ಟೀವಿಯಲ್ಲಿ ಅಡುಗೆಮನೆ ಬಂತು. ಡುಮ್ಮಯ್ಯನೇ ಸೀರೆ ಉಟ್ಟು, ತಲೆ ಮೇಲೆ ಸೆರಗು ಹೊದ್ದು, ಒಲೆ ಮುಂದೆ ತಾಯಿಯಾಗಿ ಕೂತು ಸೌಟು ತಿರುವುತ್ತಿದ್ದ. ಅದಕ್ಕೂ ಯಾರೂ ನಗಲಿಲ್ಲ. ಹಿಂದಿನಿಂದ ಮಗನ ಪಾತ್ರದವನು ಬಂದ. ಯಾವ ಊರಿನ ಹುಡುಗನೋ, ಯಾರು ಹೆತ್ತ ಮಗನೋ. ಕಳ್ಳಹೆಜ್ಜೆ ಇಟ್ಟು ಬಂದು, ಸೊಂಟದ ಮೇಲೆ ಕೈಯಿಟ್ಟು, ಕತ್ತನ್ನು ಒಂಚೂರು ವಾಲಿಸಿ ನಿಂತ. ಚೆಲುವರಾಜ ಹಾಗೆ ಕತ್ತು ವಾಲಿಸುತ್ತಿದ್ದುದನ್ನು ನಾನು ಬರೆದಿರಲಿಲ್ಲ. ಅದು ಅವನಿಗೆ ಹೇಗೆ ಬಂತೋ ನನಗೆ ಇವತ್ತಿಗೂ ತಿಳಿಯದು. "ಕೆಂಚಮ್ಮನೋರೇ" ಅಂದ. "ಸರ್ಕಾರದಿಂದ ಬಂದಿವ್ನಿ. ನಿಮ್ ಸಾರು ತಪಾಸಣೆ ಮಾಡ್ಬೇಕು."

ಕೆಂಚಮ್ಮ ನಕ್ಕಳು.

ಬಾಯಿ ತುಂಬ, ಹೊಟ್ಟೆ ತುಂಬ ನಕ್ಕಳು. ನಾಲಿಗೆಯ ಮೇಲಿದ್ದ ಬೇವಿನ ಚೂರು ಚಾಪೆಗೆ ಬಿತ್ತು. "ಅಯ್ಯೋ ನಿನ್ನ ಮುಖ ಮುಚ್ಚ, ಕೈ ತೊಳ್ಕೊಂಡು ಬಾರ್ಲಾ ಮೊದ್ಲು!" ಎಂದು ಟೀವಿಗೆ ಕೈ ಮಾಡಿ ಗದರಿಸಿದಳು. ಆಮೇಲೆ ಮತ್ತೆ ನಕ್ಕಳು. ಆ ಹೆಂಗಸು ಎಷ್ಟು ಚೆಂದ ನಗುತ್ತಾಳೆ ಎನ್ನುವುದು ನನಗೆ ಮರೆತೇ ಹೋಗಿತ್ತು. ತಿಂಗಳಾಗುತ್ತಾ ಬಂದಿತ್ತಲ್ಲ ಕೇಳಿ.

ಗಾಳಿಯಿಲ್ಲದ ಸಂಜೆ. ಊರೆಲ್ಲ ಉಸಿರು ಬಿಗಿಹಿಡಿದು ಕೂತಿತ್ತು. ಆ ನಗು ಬಾಗಿಲಿನಿಂದ ಬೀದಿಗೆ ಹೋಯಿತು. ಮೊದಲು ಯಾರಿಗೂ ಅರ್ಥವಾಗಲಿಲ್ಲ ಅಂತ ಕಾಣುತ್ತದೆ. ಪದ್ಮಾವತಿಯ ಮನೆಯಿಂದ, "ಕೆಂಚಿ ನಕ್ಳು ಕಣ್ರೀ, ಕೆಂಚೀನೇ ನಕ್ಬಿಟ್ಳು" ಎಂದು ಒಂದು ದನಿ ಬಂತು, ಅದರ ಹಿಂದೆಯೇ ಬಿಂದಿಗೆಯೊಳಗೆ ಕಲ್ಲು ಕುಲುಕಿತು. ಅಲ್ಲಿಂದ ಶುರು. ಇಪ್ಪತ್ತೈದು ನಿಮಿಷದಿಂದ ಅದುಮಿ ಇಟ್ಟದ್ದೆಲ್ಲ, ಪಂಚನಾಮೆಯದು, ಬ್ಲೇಡಿನದು, ಸೀರೆಯದು, ಎಲ್ಲ ಒಟ್ಟಿಗೆ ಕಿತ್ತುಕೊಂಡು ಬಂತು. ತಾಯಿಯೇ ನಕ್ಕ ಮೇಲೆ ಇನ್ನು ನಮ್ಮದೇನು ಅಂದುಕೊಂಡರೋ, ಅಂದುಕೊಳ್ಳುವಷ್ಟು ಹೊತ್ತೂ ಇರಲಿಲ್ಲವೋ. ಪಕ್ಕದ ಬೀದಿ ನಕ್ಕಿತು, ಅದರಾಚೆಯ ಬೀದಿ ನಕ್ಕಿತು. ಮೂಲೆಮನೆಯಲ್ಲಿ ಮೇಷ್ಟ್ರು ಕೆಮ್ಮಿದರು, ಆಮೇಲೆ ಟವೆಲಿನೊಳಗಿಂದಲೇ ನಕ್ಕರು. ಊರಿಗೆ ಊರೇ ನಗುತ್ತಿತ್ತು. ನಾನು ಒಂದೊಂದೇ ಸೊನ್ನೆಯ ಮೇಲೆ ಗೀಟು ಎಳೆಯುತ್ತಾ ಹೋದೆ. ಇಪ್ಪತ್ತು, ಇಪ್ಪತ್ತೊಂದು, ಮೂವತ್ತು. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು.

ಇಂದ್ರಾಣಿ ಟೀವಿ ಆರಿಸಿದಳು. ಬಾಯಲ್ಲಿದ್ದ ಬೇವನ್ನು ಅಂಗೈಗೆ ಉಗುಳಿಕೊಂಡು, "ಆ ಮಾತು ಅವ್ರಿಗೆ ಹೆಂಗೆ ಗೊತ್ತಾಯ್ತು?" ಅಂದಳು.

"ನಾನೇ ಬರ್ದೆ ಕಣಮ್ಮ."

"ನೀವಾ?"

"ಹೂಂ."

ಬಯ್ದಿದ್ದರೆ ಚೆನ್ನಾಗಿತ್ತು. ಅವಳು ಬರಿಗಾಲಲ್ಲಿ ಹೊರಗೆ ಹೋಗಿ ಜಗಲಿಯ ಮೇಲೆ ಕೂತು, ನಗುವ ಬೀದಿಯನ್ನು ನೋಡುತ್ತಿದ್ದಳು. ಅವಳ ಕಾಲಿನ ಹಿಮ್ಮಡಿ ಒಡೆದು ರಕ್ತ ಒಣಗಿತ್ತು. ಅವತ್ತಿನಿಂದ ಇಲ್ಲಿಯವರೆಗೆ ಅವಳು ನನ್ನ ಜೊತೆ ಮಾತಾಡಿಲ್ಲ. ನನ್ನ ಮುಖ ನೋಡಿದರೆ ಅವಳಿಗೆ ಏನಾಗುತ್ತದೆಂದು ನನಗೆ ಗೊತ್ತು, ಅದಕ್ಕೇ ನಾನೂ ಎದುರಿಗೆ ಹೋಗುವುದಿಲ್ಲ.

ಕೆಂಚಮ್ಮನಿಗೆ ತಾನು ಮಾಡಿದ್ದೇನು ಎನ್ನುವುದು ಆಗ ಹೊಳೆಯಿತು. ಟೀವಿ ಆರಿತ್ತಲ್ಲ, ಮಗ ಇರಲಿಲ್ಲ, ಹೊರಗೆ ನಗು ಮಾತ್ರ ಇತ್ತು. "ನಾನೇ ನಕ್ಬುಟ್ನಲ್ಲ ಜಲಜಕ್ಕ. ಊರೋರೆಲ್ಲ ತಡ್ಕೊಂಡಿದ್ರು, ನಾನೇ ನಕ್ಬುಟ್ನಲ್ಲ" ಎಂದು ಹಣೆಹಣೆ ಚಚ್ಚಿಕೊಂಡಳು. ನಾನು ಅವಳ ಕೈ ಹಿಡಿದುಕೊಂಡೆ. ಅವಳ ಬಳೆಯಿಲ್ಲದ ಕೈ ಭಟ್ಟಿಯ ಬೆಂಕಿಗೆ ಕಾದು ಕಾದು ಮರದ ಹಾಗಾಗಿತ್ತು, ಹಿಡಿದು ನಿಲ್ಲಿಸುವುದು ನನ್ನಿಂದಾಗಲಿಲ್ಲ. ಇಬ್ಬರೂ ಅತ್ತೆವು.

ಶುಕ್ರವಾರ ಬೆಳಿಗ್ಗೆ ನಲ್ಲಿಯ ಹತ್ತಿರ ಯಾರೂ ಧಾರಾವಾಹಿಯ ಮಾತು ಎತ್ತಲಿಲ್ಲ. ಪದ್ಮಾವತಿ ನನ್ನನ್ನು ಕಂಡು ಅರ್ಧ ತುಂಬಿದ ಬಿಂದಿಗೆಯನ್ನೇ ಎತ್ತಿಕೊಂಡು ಹೋದಳು. ಮೇಷ್ಟ್ರ ಮನೆಯ ಬಾಗಿಲು ಮುಚ್ಚಿತ್ತು. ತಿಮ್ಮರಾಯಿ ಅಂಗಡಿ ತೆರೆದಿದ್ದ, ಹೊಟ್ಟೆಪಾಡು ಬಿಡಬೇಕಲ್ಲ. ಹತ್ತು ಗಂಟೆಯೊಳಗೆ ನಾನು ಮುಕ್ತಾಯದ ನಮೂನೆಯನ್ನು ಠಾಣೆಗೆ ಮುಟ್ಟಿಸಬೇಕಿತ್ತು. ಎಷ್ಟು ಮನೆ, ಯಾವ ಬೀದಿ, ಎಷ್ಟು ಹೊತ್ತಿಗೆ, ಎಲ್ಲ ತುಂಬಿದೆ. ಕೊನೆಯಲ್ಲಿ ಒಂದು ಸಾಲಿದೆ: 'ಫಿರ್ಯಾದುದಾರರೇ ನಕ್ಕಿದ್ದಲ್ಲಿ ಅದಕ್ಕೆ ಕಾರಣ, ಅವರ ಮಾತಿನಲ್ಲಿ.' ಇಷ್ಟು ವರ್ಷವೂ ನಾನು ಅಲ್ಲಿ ಅಡ್ಡಗೆರೆ ಎಳೆಯುತ್ತಿದ್ದೆ. ಅಂಥದ್ದೊಂದು ಸಾಲು ಯಾಕಿದೆ ಎಂದೂ ಯೋಚಿಸಿರಲಿಲ್ಲ.

ನಮೂನೆ ಹಿಡಿದು ಎದುರು ಮನೆಗೆ ಹೋದೆ. ಇಂದ್ರಾಣಿ ಅಂಗಡಿಗೆ ಹೋಗಿದ್ದಳು, ಕೆಂಚಮ್ಮ ಭಟ್ಟಿಗೆ ಹೋಗಿರಲಿಲ್ಲ. ರಾತ್ರಿಯೆಲ್ಲ ಅತ್ತು ಮುಖ ಊದಿಕೊಂಡಿತ್ತು. ನಾನು ಆ ಸಾಲನ್ನು ಓದಿ ಹೇಳಿದೆ. "ನಿಂಗೆ ಹೇಳೋಕೆ ಆಗದಿದ್ರೆ ಬೇಡ. ಮೈಮೇಲೆ ಎಚ್ಚರ ಇರಲಿಲ್ಲ ಅಂತ ಬರೀತೀನಿ" ಅಂದೆ.

"ಇತ್ತು" ಅಂದಳು ಕೆಂಚಮ್ಮ. ಸೆರಗಿನಿಂದ ಮೂಗು ಒರೆಸಿಕೊಂಡು, ನಾನು ಪೆನ್ನು ಹಿಡಿಯುವವರೆಗೆ ಕಾದಳು.

"ಮಗ ಊಟಕ್ಕೆ ಬಂದಿದ್ದ, ಅಂತ ಬರಿ."